ತರಗತಿಯ ಹೊರಗಿನ ಸಮಾಜಶಾಸ್ತ್ರ: ಆರು ಪಾಠಗಳು

ಧಾರವಾಡದಲ್ಲಿ ಸಮಾಜಶಾಸ್ತ್ರ ಓದುವ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಊರೂರು, ಓಣಿ ಓಣಿ ತಿರುಗಿಸುವುದು ನನ್ನ ಕೆಲಸ. ಪ್ರತಿ ವರ್ಷ ಒಂದೇ ಪ್ರಶ್ನೆ: "ಸರ್, ಯಾವ ಸರ್ಟಿಫಿಕೇಟ್ ಮಾಡಿದ್ರ ಚಲೋರೀ?" ನಾನು ನೋಡಿದಂತೆ ಸರ್ಟಿಫಿಕೇಟ್ ಕೊಡದ ಜಾಗಗಳೇ ಹೆಚ್ಚು ಕಲಿಸುತ್ತವೆ.

1. ಒಂದು ಕಡೆ ತಳವೂರಿ. ಹತ್ತು ಕಮಿಟಿಗೆ ಹೆಸರು ಹಚ್ಚುವುದಕ್ಕಿಂತ ಒಂದೇ ಜಾಗಕ್ಕೆ ವರ್ಷಪೂರ್ತಿ ಹೋಗುವುದು ಮೇಲು. ಮೊದಮೊದಲು ಜನ ನಿಮಗೆ ಚಾ ಕೊಟ್ಟು ಕಳಿಸುತ್ತಾರೆ. ನಿಮ್ಮ ಮುಂದೆಯೇ ಜಗಳ ಆಡತೊಡಗಿದರೆ ತಿಳಿಯಿರಿ, ಅಧ್ಯಯನ ಶುರುವಾಯಿತು.

2. ಪ್ರಶ್ನಾವಳಿ ಚೀಲದಲ್ಲೇ ಇರಲಿ. ಅಮರಗೋಳದ ಎಪಿಎಂಸಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಹಮಾಲರೊಬ್ಬರನ್ನು "ನಿಮ್ಮ ವಾರ್ಷಿಕ ಆದಾಯ ಎಷ್ಟು?" ಎಂದು ಕೇಳಿದಳು. ಅವರು ಕೊಕ್ಕೆಯನ್ನು ಹೆಗಲಿಗೇರಿಸಿ ನಕ್ಕುಬಿಟ್ಟರು. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ವರ್ಷದ ಲೆಕ್ಕ ಎಲ್ಲಿಯದು? ಆಕೆ ಹಾಳೆ ಮಡಚಿ, "ಕಾಕಾ, ಇವತ್ತ ಎಷ್ಟ್ ಚೀಲ ಹೊತ್ರಿ?" ಎಂದಳು. ಮೆಣಸಿನಕಾಯಿ ಸುಗ್ಗಿ, ಬೆನ್ನುನೋವು, ಬಡ್ಡಿ ಸಾಲ, ಮಗಳ ಮದುವೆ ಎಲ್ಲ ಒಂದೊಂದಾಗಿ ಹೊರಬಂದವು.

3. ಎನ್ನೆಸ್ಸೆಸ್ ಶಿಬಿರದ ಸಂಜೆ ಕಳೆದುಕೊಳ್ಳಬೇಡಿ. ಎರಡು ವರ್ಷಕ್ಕೆ 240 ತಾಸು ಸೇವೆ, ಏಳು ದಿನದ ವಿಶೇಷ ಶಿಬಿರ: ಇಷ್ಟು ದಿನ ಹಳ್ಳಿಯಲ್ಲಿ ಉಳಿಯುವ ಅವಕಾಶ ಸುಲಭಕ್ಕೆ ಸಿಗದು. ಬೆಳಿಗ್ಗೆ ಗಟಾರ ಸ್ವಚ್ಛ ಮಾಡಿ. ಸಂಜೆ ಯಾವ ಕಟ್ಟೆಯ ಮೇಲೆ ಯಾರು ಕೂಡ್ರುತ್ತಾರೆ, ಯಾರು ನಿಂತೇ ಮಾತಾಡುತ್ತಾರೆ ನೋಡಿ. ಜಾತಿಯ ಪಾಠ ಅಲ್ಲಿದೆ.

4. ಸಭೆಗೆ ಹೋದರೆ ಕೆಲಸ ಕೇಳಿ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಂಥ ಸಂಸ್ಥೆ ಊರಲ್ಲೇ ಇದೆ. ಭಾಷಣ ಕೇಳಿ ಬರುವವರಿಗಿಂತ ಆಮಂತ್ರಣ ಹಂಚಿ, ಕುರ್ಚಿ ಹಾಕಿದವರಿಗೆ ಸಂಸ್ಥೆಯೊಂದು ನಡೆಯುವ ಬಗೆ ಚೆನ್ನಾಗಿ ತಿಳಿಯುತ್ತದೆ. ಸರ್ವೆ ಕೆಲಸ ಸಿಕ್ಕರೂ ಬಿಡಬೇಡಿ; ಸಿಗದಿದ್ದರೆ ಧಾರವಾಡದ ಸಿಎಂಡಿಆರ್‌ನಂಥ ಸಂಶೋಧನಾ ಕೇಂದ್ರದ ಗ್ರಂಥಾಲಯಕ್ಕಾದರೂ ಹೋಗಿ ಬನ್ನಿ.

5. ದಿಲ್ಲಿಯ ಆದೇಶವನ್ನು ನಿಮ್ಮ ಓಣಿಯಲ್ಲಿ ಹುಡುಕಿ. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಖಾದಿಯ ರಾಷ್ಟ್ರಧ್ವಜ ತಯಾರಿಸುತ್ತದೆ; ಹೊಲಿಯುವವರಲ್ಲಿ ಹೆಂಗಸರೇ ಹೆಚ್ಚು. 2021ರ ಡಿಸೆಂಬರ್‌ನಲ್ಲಿ ಧ್ವಜಸಂಹಿತೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೂ ಒಪ್ಪಿಗೆ ಸಿಕ್ಕಿತು. ಬೆಂಗೇರಿ ಪ್ರತಿಭಟನೆಗೆ ಇಳಿಯಿತು. ರಾಷ್ಟ್ರೀಯತೆ, ಮಾರುಕಟ್ಟೆ, ಹೆಣ್ಣಿನ ದುಡಿಮೆ ಎಂದು ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳಾಗಿರುವುದು ಅಲ್ಲಿ ಒಂದೇ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತದೆ. ಅಲ್ಲಿಗೆ ಹೋಗಲು ದುಡ್ಡೂ ಹೆಚ್ಚು ಬೇಡ, ಧಾರವಾಡದಿಂದ ಬಸ್ಸಿದೆ.

6. ಟಿಪ್ಪಣಿ ಅಂದೇ ಬರೆಯಿರಿ, ಎರಡು ಕಡೆ ಇಡಿ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಪರಿಷ್ಕೃತ ಟಿಪ್ಪಣಿಗಳು ಮೂರು ಪ್ರತಿಗಳಲ್ಲಿದ್ದವು. ಮೂರೂ ಒಂದೇ ಕಡೆ ಇದ್ದುದರಿಂದ 1970ರಲ್ಲಿ ಸ್ಟ್ಯಾನ್‌ಫರ್ಡ್‌ನ ಬೆಂಕಿಗೆ ಸಿಕ್ಕವು. ಅವರು ನೆನಪನ್ನು ನೆಚ್ಚಿ ಪುಸ್ತಕ ಬರೆದರು. ನಮ್ಮ ನೆನಪಿಗೆ ಅಷ್ಟು ಕಸುವಿಲ್ಲ. ಮೊಬೈಲಿನಲ್ಲಿ ಫೋಟೊ ತೆಗೆದು ಗೆಳೆಯರಿಗೂ ಒಂದು ಪ್ರತಿ ಕಳಿಸುವುದಾದರೆ, ಮಾತಾಡಿದವರ ಹೆಸರು ಮೊದಲು ಮರೆಮಾಡಿ.

ನಾಳೆ ಸಂದರ್ಶನದಲ್ಲಿ "ಏನು ಮಾಡೀರಿ?" ಎಂದು ಕೇಳುತ್ತಾರೆ. ಪ್ರಮಾಣಪತ್ರದ ಫೈಲು ಎಲ್ಲರ ಕೈಯಲ್ಲೂ ಇರುತ್ತದೆ. ಹಮಾಲರ ಒಂದು ದಿನದ ಲೆಕ್ಕವನ್ನು ಕಾರಣ ಸಮೇತ ಬಿಡಿಸಿ ಹೇಳಬಲ್ಲವರು ಕಡಿಮೆ. ಈ ಸೆಮಿಸ್ಟರ್‌ಗೆ ಜಾಗ ಒಂದನ್ನು ಆರಿಸಿ, ಬರುವ ವಾರವೇ ಹೋಗಿ.