ಹದಿಮೂರನೇ ಅಕ್ಷಾಂಶ ಹುಡುಕಿ ಹೊರಟವನಿಗೆ

ಗೆಳೆಯರ ಜೊತೆ ಕಾರಿನಲ್ಲಿ ಮಂಗಳೂರಿಗೆ ಹೋಗುವಾಗ ಪೂರ್ಣ ಡಿಗ್ರಿಯ ಅಕ್ಷಾಂಶ ರೇಖಾಂಶ ಕೂಡುವ ಜಾಗದಲ್ಲಿ ನಿಂತು ಬರಬೇಕು ಅಂದೆಯಲ್ಲ, ಕೇಳಿ ಖುಷಿಯಾಯಿತು ಮಗು. ಅಲ್ಲಿ ಗುಡಿಯಿಲ್ಲ, ಬೋರ್ಡಿಲ್ಲ. ಇರುವುದು ಯಾರದೋ ಹೊಲ ಅಥವಾ ತೋಟ. ಅದಕ್ಕೇ ಹೊರಡುವ ಮೊದಲು ಒಂದಷ್ಟು ಹೇಳುತ್ತೇನೆ.

• ರಾಷ್ಟ್ರೀಯ ಹೆದ್ದಾರಿ 75 ಬೆಂಗಳೂರಿನಿಂದ ಮಂಗಳೂರಿನ ಕಡೆಗೆ 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲೇ ಸಾಗುತ್ತದೆ. 77 ಡಿಗ್ರಿ ಪೂರ್ವ ರೇಖಾಂಶ ಆ ಅಕ್ಷಾಂಶವನ್ನು ಕೂಡುವುದು ಕುಣಿಗಲ್ ಪಟ್ಟಣದ ನೈರುತ್ಯಕ್ಕೆ, ನಾಲ್ಕೈದು ಕಿಲೋಮೀಟರಿನ ಒಳಗೆ. 76 ಡಿಗ್ರಿ ಆಲೂರಿನ ಹತ್ತಿರ. 75 ಡಿಗ್ರಿ ಮೂಡುಬಿದಿರೆಗೂ ಬಂಟ್ವಾಳಕ್ಕೂ ನಡುವೆ. ಒಂದರಿಂದ ಇನ್ನೊಂದಕ್ಕೆ ನೇರ ದೂರ ಸುಮಾರು 108 ಕಿ.ಮೀ. ಒಂದೇ ದಿನಕ್ಕೆ ಮೂರನ್ನೂ ಮುಗಿಸುವ ಆತುರ ಬೇಡ. ಕುಣಿಗಲ್‌ನದನ್ನು ಸಾವಧಾನವಾಗಿ ನೋಡು.

• ರಾಗಿ ಕೊಯ್ಲು ಮುಗಿದ ಮೇಲೆ, ಜನವರಿ ಫೆಬ್ರವರಿಯಲ್ಲಿ ಹೋಗು. ಪೈರು ನಿಂತಿರುವಾಗ ಹೊಲಕ್ಕೆ ಕಾಲಿಡಬಾರದು.

• ಮೊಬೈಲಿನ ಮ್ಯಾಪಿನಲ್ಲಿ 13.0000, 77.0000 ಎಂದು ಹುಡುಕಿ, ಆ ಭಾಗದ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೋ. ನೆಟ್‌ವರ್ಕ್ ಹೋದರೂ ಜಿಪಿಎಸ್ ಕೆಲಸ ಮಾಡುತ್ತದೆ, ಅದು ನೇರ ಉಪಗ್ರಹದಿಂದ ಬರುವುದು. ಕಾರನ್ನು ಊರೊಳಗಿನ ರಸ್ತೆಯ ಬದಿಗೆ ಬಿಟ್ಟು ನಡಿ, ಹೆದ್ದಾರಿಯಲ್ಲಿ ನಿಲ್ಲಿಸಬೇಡ.

• ಎರಡು ಅಂಕಿಯನ್ನೂ ಒಟ್ಟಿಗೆ ಹಿಡಿಯಲು ಹೋದರೆ ಸುತ್ತಿದಲ್ಲೇ ಸುತ್ತುತ್ತೀಯ. ಮೊದಲು ಅಕ್ಷಾಂಶ ಸರಿಮಾಡಿಕೋ. 12.9990 ತೋರಿಸುತ್ತಿದ್ದರೆ ಇನ್ನೂ ಸುಮಾರು 110 ಮೀಟರ್ ಉತ್ತರಕ್ಕೆ ನಡೆಯಬೇಕು. 13.0000 ಬಂದ ಮೇಲೆ ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗು. ನಾಲ್ಕನೇ ದಶಮಾಂಶ ಒಂದು ಬದಲಾದರೆ ಹನ್ನೊಂದು ಮೀಟರ್. ಐದನೆಯದು ನಿಂತಲ್ಲೇ ಕುಣಿಯುತ್ತಿರುತ್ತದೆ, ತೆಂಗಿನ ಗರಿಗಳ ಕೆಳಗಂತೂ ಇನ್ನೂ ಹೆಚ್ಚು. ಅದರ ಹಿಂದೆ ಓಡಬೇಡ.

• ಇದು ಎಲ್ಲಕ್ಕಿಂತ ಮುಖ್ಯ. ಹೊಲಕ್ಕೆ ಇಳಿಯುವ ಮೊದಲು ಹತ್ತಿರದ ಮನೆಗೆ ಹೋಗಿ ಮಾತಾಡಿಸು. ಕೈಯಲ್ಲಿ ಮೊಬೈಲ್ ಹಿಡಿದು ಜಮೀನಿನಲ್ಲಿ ಹೆಜ್ಜೆ ಅಳೆಯುವ ಹೊಸಬರನ್ನು ಕಂಡರೆ ರೈತರಿಗೆ ಮೊದಲು ಹೊಳೆಯುವುದು ‘ರಸ್ತೆಗೆ ಸರ್ವೆ ಬಂದರು, ಭೂಮಿ ಹೋಯಿತು’ ಅಂತ. ಆ ಭಯ ಸುಮ್ಮನೆ ಬಂದದ್ದಲ್ಲ. ‘ಯಜಮಾನರೇ, ಭೂಪಟದ ಎರಡು ಗೆರೆ ನಿಮ್ಮ ಜಮೀನಿನ ಹತ್ತಿರ ಸೇರುತ್ತವೆ, ನೋಡಿಕೊಂಡು ಹೋಗುತ್ತೇವೆ’ ಅಂತ ಬಿಡಿಸಿ ಹೇಳು. ಶಾಲೆಗೆ ಹೋಗುವ ಮಕ್ಕಳಿದ್ದರೆ ಕರೆದುಕೊಂಡೇ ಹೋಗು, ಪಾಠದಲ್ಲಿ ಓದಿದ್ದು ಅವರಿಗೆ ಕಣ್ಣೆದುರು ಸಿಗಲಿ. ಬೇಡ ಅಂದರೆ ಕೈಮುಗಿದು ಹಿಂದಿರುಗು. 1996ರಲ್ಲಿ ಅಮೆರಿಕದ ಅಲೆಕ್ಸ್ ಜಾರೆಟ್ ಶುರುಮಾಡಿದ, ಇಂಥ ಜಾಗಗಳಿಗೆ ಹೋಗಿ ದಾಖಲಿಸುವ ಡಿಗ್ರಿ ಕನ್‌ಫ್ಲುಯೆನ್ಸ್ ಪ್ರಾಜೆಕ್ಟ್‌ನವರೂ 100 ಮೀಟರ್ ಒಳಗೆ ಹೋದರೆ ತಲುಪಿದ ಹಾಗೇ ಲೆಕ್ಕ ಹಾಕುತ್ತಾರೆ. ಬೇಲಿಯ ಆಚೆ ನಿಂತರೂ ಸಾಕು.

• ಗುರುತಿಗೆಂದು ಕಲ್ಲು ನೆಡುವುದು, ಬಣ್ಣ ಬಳಿಯುವುದು ಖಂಡಿತ ಬೇಡ. ನಮ್ಮ ಹಳ್ಳಿಗಳಲ್ಲಿ ಒಂದು ಬಾಂದು ಕಲ್ಲು ಆಚೀಚೆಯಾದರೆ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ. ನೀನು ಇಟ್ಟ ಕಲ್ಲು ಯಾವ ಜಗಳಕ್ಕೆ ಸಾಕ್ಷಿಯಾದೀತೋ ಗೊತ್ತಿಲ್ಲ.

• ಆಲೂರಿನ ಕಡೆಗೂ ಹೋಗುವುದಾದರೆ, ಅಲ್ಲಿ ಆನೆ ಓಡಾಡುತ್ತವೆ. ಬೆಳಗಿನ ಜಾವ, ಸಂಜೆ ತೋಟದೊಳಗೆ ನುಗ್ಗಬೇಡ. ರಾತ್ರಿ ಆನೆ ಬಂದಿತ್ತಾ ಅಂತ ಊರವರನ್ನು ಕೇಳು. ಸೋಲಾರ್ ಬೇಲಿ ಮುಟ್ಟಬೇಡ. ಉಣುಗೋಲು ಸರಿಸಿ ಒಳಗೆ ಹೋದರೆ ಮೊದಲಿದ್ದ ಹಾಗೇ ಮುಚ್ಚಿ ಬಾ.

• ಹಳೆಯ ಸರ್ವೆ ನಕ್ಷೆ ಸಿಕ್ಕಿದರೆ ಜೊತೆಗಿಟ್ಟುಕೋ, ಆದರೆ ಅದರ ಗೆರೆ ಜಿಪಿಎಸ್ ತೋರಿಸುವ ಕಡೆಯೇ ಬೀಳುವುದಿಲ್ಲ. ಬ್ರಿಟಿಷ್ ಮೋಜಣಿದಾರ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಶುರುಮಾಡಿದ ಮಹಾ ಮೋಜಣಿಯ ಪರಂಪರೆಯಲ್ಲಿ, ಅವನ ನಂತರ ಬಂದ ಮೋಜಣಿದಾರ ಎವರೆಸ್ಟ್ ಲೆಕ್ಕ ಹಾಕಿದ ಭೂಮಿಯ ಆಕಾರದ ಮೇಲೆ ಆ ನಕ್ಷೆಗಳು ನಿಂತಿವೆ. ಜಿಪಿಎಸ್‌ನ ಲೆಕ್ಕ ಬೇರೆ. ನಮ್ಮ ಸೀಮೆಯಲ್ಲಿ ವ್ಯತ್ಯಾಸ ನೂರು ಮೀಟರಿಗೂ ಮೇಲೆ. ಸರಪಳಿ ಹಿಡಿದು ಬಿಸಿಲಲ್ಲಿ ಅಳೆದವರ ಕೆಲಸ ಅದು, ತಪ್ಪು ಅನ್ನಬೇಡ.

• ನಾಲ್ಕು ದಿಕ್ಕಿಗೂ ಒಂದೊಂದು ಫೋಟೊ, ಅಂಕಿ ಕಾಣುವ ಹಾಗೆ ಮೊಬೈಲ್ ಪರದೆಯದೊಂದು. ಕೆಲಸ ಮಾಡುತ್ತಿರುವ ಹೆಂಗಸರನ್ನು ಕೇಳದೆ ತೆಗೆಯಬೇಡ. ಮನೆಯವರ ನಂಬರು ತೆಗೆದುಕೊಂಡು ಅವರಿಗೂ ಕಳಿಸು. ಎಲ್ಲಾ ಮುಗಿಸಿ, ಮಂಗಳೂರಿನ ದಾರಿಯ ಶಿರಾಡಿ ಘಾಟಿಯನ್ನು ಕತ್ತಲಾಗುವ ಮೊದಲೇ ಇಳಿದುಬಿಡಿ.