ಮೈಯ ಲೆಕ್ಕ, ರಜೆಯ ಲೆಕ್ಕ

ಜ್ವರ ಬಂದವರು ರಜೆ ಹಾಕುತ್ತಾರೆ, ವಾಸಿಯಾದ ಮೇಲೆ ಬರುತ್ತಾರೆ. ರಜೆಯ ನಿಯಮಗಳು ಹುಟ್ಟಿದ್ದೇ ಇಂಥ ಕಾಯಿಲೆಗಳಿಗಾಗಿ. ಪೂರ್ತಿ ವಾಸಿಯೂ ಆಗದೆ, ಹಾಸಿಗೆಗೂ ಕೆಡವದೆ, ವರ್ಷಗಟ್ಟಲೆ ಜೊತೆಯಲ್ಲೇ ಉಳಿಯುವ ಕಾಯಿಲೆ ಇರುವವರು ಏನು ಮಾಡಬೇಕು? ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದನ್ನೇ ಕೇಳಿವೆ. ಪತ್ರ ಬರೆದವರ ಹೆಸರು, ಕಚೇರಿಯ ಹೆಸರು ಬಿಟ್ಟಿದ್ದೇವೆ.

ಪ್ರಶ್ನೆ: ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷದಿಂದ ಟೈಲರ್ ಆಗಿದ್ದೇನೆ. ಎರಡೂ ಕಿಡ್ನಿ ಕೆಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಆ ಎರಡು ದಿನದ ಸಂಬಳ ಕಟ್. "ಹೀಗೆ ಲೀವ್ ಹಾಕಿದರೆ ಲೈನ್ ನಡೆಯಲ್ಲ. ರಿಸೈನ್ ಬರೆದುಕೊಡು, ಪಿ.ಎಫ್. ದುಡ್ಡಾದರೂ ಕೈಗೆ ಬರುತ್ತೆ" ಅಂತ ಸೂಪರ್‌ವೈಸರ್ ದಿನಾ ಹೇಳುತ್ತಾರೆ. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಬರೆದುಕೊಡಲೇ ಸರ್?

ಉತ್ತರ: ಬರೆದುಕೊಡಬೇಡಿ. ರಾಜೀನಾಮೆ ಕೊಟ್ಟ ದಿನದಿಂದ ನಿಮ್ಮ ಇ.ಎಸ್.ಐ. ಚಂದಾ ನಿಲ್ಲುತ್ತದೆ, ಸ್ವಲ್ಪ ಕಾಲದಲ್ಲೇ ಚಿಕಿತ್ಸೆಯ ಸವಲತ್ತೂ ನಿಲ್ಲುತ್ತದೆ. ಪಿ.ಎಫ್. ಹಣಕ್ಕೆ ಕೆಲಸ ಬಿಡಲೇಬೇಕು ಎಂಬುದು ಸುಳ್ಳು. ಕಾಯಿಲೆಯ ಕಾರಣಕ್ಕೆ ಕೆಲಸದಲ್ಲಿದ್ದುಕೊಂಡೇ ಮುಂಗಡ ತೆಗೆಯಬಹುದು.

ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಎಂದು ಪ್ರತಿ ತಿಂಗಳು ನಿಮ್ಮ ಕೂಲಿಯ ಶೇ 0.75ರಷ್ಟು ಹಿಡಿಯುತ್ತಾರೆ, ಮಾಲೀಕರು ಶೇ 3.25 ಸೇರಿಸುತ್ತಾರೆ. ಅದು ಬರೀ ಡಿಸ್ಪೆನ್ಸರಿಯ ಮಾತ್ರೆಗಲ್ಲ. ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ಕೂಲಿಯ ಶೇ 70ರಷ್ಟು ಹಣ, ವರ್ಷಕ್ಕೆ 91 ದಿನದವರೆಗೆ, ನಿಮ್ಮ ಬ್ಯಾಂಕ್ ಖಾತೆಗೆ ಬರಬೇಕು. ಅದು ಮುಗಿದ ಮೇಲೆ 'ವಿಸ್ತರಿತ ಕಾಯಿಲೆ ಸವಲತ್ತು' ಎಂಬುದಿದೆ. ದೀರ್ಘಕಾಲದ 34 ಕಾಯಿಲೆಗಳ ಪಟ್ಟಿಗೆ ಅದು ಅನ್ವಯಿಸುತ್ತದೆ, ಕಿಡ್ನಿ ವೈಫಲ್ಯ ಆ ಪಟ್ಟಿಯಲ್ಲಿದೆ. ಅದರಲ್ಲಿ ಶೇ 80 ಸಿಗುತ್ತದೆ, ವೈದ್ಯರು ಅಗತ್ಯವೆಂದರೆ ಎರಡು ವರ್ಷದವರೆಗೂ ಮುಂದುವರಿಯುತ್ತದೆ. ಎರಡು ವರ್ಷ ಕೆಲಸ ಮಾಡಿರಬೇಕು, ಹಿಂದಿನ ನಾಲ್ಕು ಚಂದಾ ಅವಧಿಗಳಲ್ಲಿ 156 ದಿನದ ಚಂದಾ ಬಿದ್ದಿರಬೇಕು. ಒಂಬತ್ತು ವರ್ಷ ದುಡಿದ ನಿಮಗೆ ಇದು ಕಷ್ಟವಾಗಲಾರದು. ದಿನಕ್ಕೆ 500 ರೂಪಾಯಿ ಸರಾಸರಿ ಕೂಲಿಯಾದರೆ ಮೊದಲು 350, ಆಮೇಲೆ 400.

ಇನ್ನೆರಡು ಲೆಕ್ಕ ನೆನಪಿಡಿ. ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣ ಬರುವುದಿಲ್ಲ. ಆದರೆ ಹಣ ಬಂದ ಕಳೆದ ಸರದಿ ಮುಗಿದು 15 ದಿನದೊಳಗೆ ಮತ್ತೆ ರಜೆ ಬಿದ್ದರೆ ಈ ಎರಡು ದಿನದ ಕಡಿತವಿಲ್ಲ. ವಾರಕ್ಕೆರಡು ಡಯಾಲಿಸಿಸ್ ಇರುವವರಿಗೆ ಇದು ದೊಡ್ಡ ಆಸರೆ. ಎರಡನೆಯದು, ಕಾಯಿಲೆ ಸವಲತ್ತಿಗೆ ಆರು ತಿಂಗಳ ಚಂದಾ ಅವಧಿಯಲ್ಲಿ (ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್) ಕನಿಷ್ಠ 78 ದಿನದ ಚಂದಾ ಬೇಕು. ವಾರಕ್ಕೆ ನಾಲ್ಕು ದಿನ ಹೋದರೂ ನೂರು ದಾಟುತ್ತದೆ. ಹಾಗಾಗಿ ಉಳಿದ ನಾಲ್ಕು ದಿನ ತಪ್ಪಿಸಬೇಡಿ.

ಪ್ರತಿ ಡಯಾಲಿಸಿಸ್ ದಿನಕ್ಕೂ ಇ.ಎಸ್.ಐ. ವೈದ್ಯರ ಸರ್ಟಿಫಿಕೇಟು ತೆಗೆದುಕೊಳ್ಳಿ. ಖಾಸಗಿ ಡಾಕ್ಟರ ಚೀಟಿಯನ್ನಷ್ಟೇ ನಂಬಬೇಡಿ. ಕಾಯಿಲೆ ಸವಲತ್ತು ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದು, ಶಿಕ್ಷಿಸಬಾರದು ಎಂದು 1948ರ ಇ.ಎಸ್.ಐ. ಕಾಯ್ದೆಯ 73ನೇ ಸೆಕ್ಷನ್ ಬರೆದಿಟ್ಟಿತು. ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬರುತ್ತಿರುವ ಕಾಲವಿದು. ಸೆಕ್ಷನ್ ಹಿಡಿದು ವಾದಕ್ಕೆ ಇಳಿಯುವ ಮೊದಲು ಇ.ಎಸ್.ಐ. ಶಾಖಾ ಕಚೇರಿಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ.

ಡಯಾಲಿಸಿಸ್‌ಗೆಂದು ಫಿಸ್ಟುಲಾ ಮಾಡಿದ ಕೈಯಲ್ಲಿ ಬಟ್ಟೆಯ ಬಂಡಲ್ ಎತ್ತಬೇಡಿ. ಮೆಷಿನ್ ಬದಲು ಚೆಕಿಂಗ್ ಅಥವಾ ಟ್ರಿಮ್ಮಿಂಗ್ ಕೊಡಿ ಎಂದು ಎಚ್.ಆರ್.ಗೆ ಬರೆದು ಕೇಳಿ. ಬಾಯಲ್ಲಿ ಕೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ.

ಪ್ರಶ್ನೆ: ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ವಯಸ್ಸು 34. ಮೂರು ವರ್ಷದಿಂದ ರುಮಟಾಯ್ಡ್ ಸಂಧಿವಾತ. ಬೆಳಿಗ್ಗೆ ಎದ್ದು ಒಂದೂವರೆ ಗಂಟೆ ಬೆರಳು ಮಡಚಲಾಗುವುದಿಲ್ಲ, ಜಡೆ ಹಾಕಿಕೊಳ್ಳಲೂ ಅಮ್ಮ ಬೇಕು. ಜುಲೈ ಹೊತ್ತಿಗೇ ಸಿಕ್ ಲೀವ್ ಮುಗಿದುಹೋಯಿತು. ಮ್ಯಾನೇಜರ್‌ಗೆ ಕಾಯಿಲೆಯ ಹೆಸರು ಹೇಳಿದರೆ ಅಪ್ರೈಸಲ್‌ಗೆ ಏಟು ಬೀಳುತ್ತದೆ ಎನ್ನುತ್ತಾರೆ ಗೆಳತಿಯರು. ಹೇಳದಿದ್ದರೆ ಸೋಮಾರಿ ಅನ್ನಿಸಿಕೊಳ್ಳುತ್ತೇನೆ. ಏನು ಮಾಡಲಿ?

ಉತ್ತರ: ಮೊದಲು ರಜೆಯ ಲೆಕ್ಕ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ವರ್ಷಕ್ಕೆ 12 ದಿನದವರೆಗೆ ಕಾಯಿಲೆ, ಅಪಘಾತ ಮುಂತಾದ ಕಾರಣಗಳ ವೇತನಸಹಿತ ರಜೆ ಕೊಡುತ್ತದೆ. ಅದರ ಜೊತೆಗೆ 20 ದಿನ ದುಡಿದರೆ ಒಂದು ದಿನ ಗಳಿಕೆ ರಜೆ. ಕಂಪನಿ ಇದಕ್ಕಿಂತ ಹೆಚ್ಚು ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಸಿಕ್ ಲೀವ್ ಮುಗಿದಿದೆ ಎಂದರೆ ಎಲ್ಲ ರಜೆಯೂ ಮುಗಿದಂತಲ್ಲ. ಗಳಿಕೆ ರಜೆ ಎಷ್ಟು ಉಳಿದಿದೆ ನೋಡಿ.

ಆದರೆ ನಿಮಗೆ ರಜೆಗಿಂತ ಹೆಚ್ಚಾಗಿ ಬೇಕಿರುವುದು ಬೆಳಗಿನ ಎರಡು ಗಂಟೆ. ಬೆಳಗಿನ ಬಿಗಿತ ಸಡಿಲವಾದ ಮೇಲೆ ನೀವು ಎಲ್ಲರಂತೆ ಕೆಲಸ ಮಾಡುತ್ತೀರಿ. ಎಂಟೂವರೆಯ ಕ್ಯಾಬ್‌ಗೆ ಬೆರಳು ಒಗ್ಗುವುದಿಲ್ಲ ಅಂತ ಇಡೀ ದಿನದ ರಜೆ ಸುಟ್ಟುಕೊಳ್ಳುತ್ತಿದ್ದೀರಿ. ಆದ್ದರಿಂದ ಹೊತ್ತನ್ನು ಕೇಳಿ.

ಕಾಯಿಲೆಯ ಹೆಸರು ಹೇಳುವುದು ಬಿಡುವುದು ನಿಮ್ಮ ಇಷ್ಟ. ಅದು ಕೆಲಸದ ಮೇಲೆ ಏನು ಮಾಡುತ್ತದೆ ಎಂಬುದನ್ನಂತೂ ಹೇಳಲೇಬೇಕು. ಇಷ್ಟು ಬರೆದರೆ ಸಾಕು:

"ನನಗೆ ದೀರ್ಘಕಾಲದ ಕೀಲು ಸಮಸ್ಯೆ ಇದ್ದು ಚಿಕಿತ್ಸೆಯಲ್ಲಿದ್ದೇನೆ. ಬೆಳಿಗ್ಗೆ ಹತ್ತರವರೆಗೆ ಕೈಗಳ ಬಿಗಿತವಿರುತ್ತದೆ. ಹತ್ತೂವರೆಯಿಂದ ಏಳೂವರೆವರೆಗೆ ಕೆಲಸ ಮಾಡಲು, ನೋವು ಜೋರಾದ ದಿನ ಮನೆಯಿಂದ ಕೆಲಸ ಮಾಡಲು ಅವಕಾಶ ಕೋರುತ್ತೇನೆ. ಮೂರು ತಿಂಗಳು ನೋಡಿ, ಆಮೇಲೆ ಒಟ್ಟಿಗೆ ಕೂತು ಪರಿಶೀಲಿಸೋಣ. ವೈದ್ಯರ ಪತ್ರ ಲಗತ್ತಿಸಿದ್ದೇನೆ."

ವೈದ್ಯರ ಪತ್ರದಲ್ಲೂ ರೋಗದ ಪುರಾಣ ಬೇಡ. 'ಬೆಳಿಗ್ಗೆ ತಡವಾಗಿ ಕೆಲಸ ಶುರುಮಾಡುವುದು ವೈದ್ಯಕೀಯವಾಗಿ ಅಗತ್ಯ' ಎಂಬ ಒಂದು ಸಾಲು ಬರೆಸಿಕೊಳ್ಳಿ. ಮೂರು ತಿಂಗಳ ಗಡುವು ಇಟ್ಟರೆ ಮ್ಯಾನೇಜರ್‌ಗೆ ಹೂಂ ಅನ್ನುವುದು ಸುಲಭ. ಕೀಲುಗಳಿಗೆ ಶಾಶ್ವತ ಊನವಾಗಿದ್ದರೆ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ ನೋಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪ್ರಕಾರ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ನಿಮ್ಮ ಕಂಪನಿಯದನ್ನು ಕೇಳಿ ಓದಿ.

ಪ್ರಶ್ನೆ: ಹಾವೇರಿ ಜಿಲ್ಲೆಯ ಸರ್ಕಾರಿ ಶಾಲೆಯಲ್ಲಿ 22 ವರ್ಷದಿಂದ ಶಿಕ್ಷಕ. ಎರಡು ವರ್ಷದ ಹಿಂದೆ ಪಾರ್ಕಿನ್ಸನ್ ಎಂದರು. ಬೋರ್ಡಿನ ಮೇಲೆ ನನ್ನ ಅಕ್ಷರ ಸಾಲಿನ ಕೊನೆಗೆ ಬರುತ್ತ ಸಣ್ಣಗಾಗುತ್ತದೆ, "ಸರ್, ಕಾಣವಲ್ದು" ಅಂತಾವ ಹುಡುಗರು. ಸ್ವಯಂ ನಿವೃತ್ತಿ ತಗೊಳ್ರಿ ಅಂತ ಸಹೋದ್ಯೋಗಿಗಳು. ರಜೆ ಹಾಕಲೂ ಹೆದರಿಕೆ.

ಉತ್ತರ: ಗುರುಗಳೇ, ಹೆದರಬೇಡಿ. ಈ ಅಂಕಣಕ್ಕೆ ಬರೆದವರಲ್ಲಿ ಎಲ್ಲರಿಗಿಂತ ಗಟ್ಟಿ ನೆಲದ ಮೇಲಿರುವವರು ನೀವು. 2016ರ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಪಾರ್ಕಿನ್ಸನ್ ಕೂಡ ಒಂದು. ಸೇವೆಯಲ್ಲಿರುವಾಗ ಅಂಗವೈಕಲ್ಯಕ್ಕೆ ಒಳಗಾದ ಸರ್ಕಾರಿ ನೌಕರರನ್ನು ಕೆಲಸದಿಂದ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ ಎನ್ನುತ್ತದೆ ಅದರ 20ನೇ ಸೆಕ್ಷನ್. ಇರುವ ಹುದ್ದೆ ನಿಭಾಯಿಸಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು. ಅದೂ ಇಲ್ಲದಿದ್ದರೆ ಹುದ್ದೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಅದರಲ್ಲಿ ಇರಿಸಬೇಕು. ಅಂಗವೈಕಲ್ಯದ ಗುರುತಿನ ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿ, ಪ್ರಮಾಣಪತ್ರದ ಪ್ರತಿಯನ್ನು ಬಿ.ಇ.ಓ. ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ರಜೆಯ ಮಾತು. ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ನಿಮ್ಮ ಖಾತೆಗೆ ಸೇರುತ್ತ ಬಂದಿದೆ, ಜನವರಿ 1ಕ್ಕೆ ಹತ್ತು, ಜುಲೈ 1ಕ್ಕೆ ಹತ್ತು. ಒಂದನ್ನೂ ಬಳಸಿರದಿದ್ದರೆ 22 ವರ್ಷಕ್ಕೆ 440 ದಿನ. ವೈದ್ಯಕೀಯ ಪ್ರಮಾಣಪತ್ರವಿದ್ದರೆ ಅದನ್ನು ಪರಿವರ್ತಿತ ರಜೆಯಾಗಿ ಪೂರ್ಣ ವೇತನದಲ್ಲಿ ಪಡೆಯಬಹುದು. ಒಂದು ದಿನಕ್ಕೆ ಖಾತೆಯಿಂದ ಎರಡು ದಿನ ಕಳೆಯುತ್ತಾರೆ, ಅಷ್ಟೇ. 30 ದಿನ ಪರಿವರ್ತಿತ ರಜೆ ಹಾಕಿದರೆ 60 ದಿನ ಹೋಗುತ್ತದೆ. ಖಾತೆಯಲ್ಲಿ ನಿಜಕ್ಕೂ ಎಷ್ಟಿದೆ ಎಂಬುದನ್ನು ಸೇವಾ ಪುಸ್ತಕದಲ್ಲಿ ನೀವೇ ಹೋಗಿ ನೋಡಿ. ಹಳೆಯ ವರ್ಗಾವಣೆಗಳಲ್ಲಿ ನಮೂದು ಬಿಟ್ಟುಹೋಗಿರುವುದು ಅಪರೂಪವಲ್ಲ. ಸರಿಪಡಿಸುವುದಿದ್ದರೆ ಈಗಲೇ ಸರಿಪಡಿಸಿಕೊಳ್ಳಿ.

ಅಕ್ಷರದ ಚಿಂತೆಗೂ ದಾರಿಯಿದೆ. ಮಾತ್ರೆ ಚೆನ್ನಾಗಿ ಹಿಡಿದಿರುವ ಹೊತ್ತು ಯಾವುದು ಎಂದು ಎರಡು ವಾರ ಬರೆದಿಟ್ಟು, ಬೋರ್ಡ್ ಹೆಚ್ಚು ಬೇಕಾದ ಪಾಠಗಳನ್ನು ಆ ಹೊತ್ತಿಗೆ ಹಾಕಿಕೊಡಲು ಮುಖ್ಯ ಶಿಕ್ಷಕರನ್ನು ಕೇಳಿ. ಉಳಿದ ಹೊತ್ತಿನಲ್ಲಿ ಹುಡುಗರ ಕೈಯಲ್ಲೇ ಬರೆಸಿ. ನೀವು ಹೇಳುತ್ತಿದ್ದರೆ ಅವರು ಬರೆಯುತ್ತಾರೆ.

ಪ್ರಶ್ನೆ: ಶಿವಮೊಗ್ಗದ ಸಹಕಾರ ಸಂಘವೊಂದರಲ್ಲಿ ಗುಮಾಸ್ತೆ. ಲೂಪಸ್ ಇದೆ. ಭಾನುವಾರ ತಂಗಿಯ ಮದುವೆಯಲ್ಲಿ ಓಡಾಡಿದೆ, ಸೋಮವಾರ ಏಳಲಾಗದೆ ರಜೆ ಹಾಕಿದೆ. ಮಂಗಳವಾರ ಆಫೀಸಿನಲ್ಲಿ "ನಿನ್ನೆ ಹುಷಾರಿರ್ಲಿಲ್ವಾ? ಮೊನ್ನೆ ಹೋಳಿಗೆ ಬಡಿಸ್ತಿದ್ರಲ್ಲ!" ಎಂದು ಎಲ್ಲರೂ ನಕ್ಕರು. ಅವತ್ತಿನಿಂದ ರಜೆ ಚೀಟಿ ಬರೆಯಲು ಕೈ ಬರುತ್ತಿಲ್ಲ.

ಉತ್ತರ: ಹೋಳಿಗೆ ಬಡಿಸಿದ್ದರಿಂದಲೇ ಸೋಮವಾರ ಮಲಗಿದಿರಿ. ಲೂಪಸ್‌ನಲ್ಲಿ ದಣಿವು ಒಂದು ದಿನ ತಡವಾಗಿ ಬಂದು ಸಾಲ ವಸೂಲಿ ಮಾಡುತ್ತದೆ. ಬಿಸಿಲು ಬಿದ್ದಿದ್ದರಂತೂ ಬಡ್ಡಿ ಸೇರಿಸಿ. ನಕ್ಕವರಿಗೆ ಇಷ್ಟು ಹೇಳಿ: "ನನಗಿರೋ ಕಾಯಿಲೆ ದಿನಾ ಒಂದೇ ಥರ ಇರಲ್ಲ. ಮೊನ್ನೆ ಮದುವೆಗೆ ಖರ್ಚು ಮಾಡಿದ ಶಕ್ತಿಗೆ ನಿನ್ನೆ ಬೆಲೆ ಕೊಟ್ಟೆ." ಅದಕ್ಕಿಂತ ಹೆಚ್ಚಿನ ವಿವರಣೆ ಯಾರಿಗೂ ಸಲ್ಲಬೇಕಿಲ್ಲ.

ಇನ್ನು ಮುಂದೆ ಮನೆಯಲ್ಲಿ ದೊಡ್ಡ ಕಾರ್ಯವಿದ್ದರೆ ಮರುದಿನಕ್ಕೆ ಮೊದಲೇ ರಜೆ ಮಂಜೂರು ಮಾಡಿಸಿಕೊಳ್ಳಿ. ಮುಂಚೆ ಬರೆದ ರಜೆಗೆ ಯಾರೂ ನಗುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಊಟ ಡೆಲಿವರಿ ಮಾಡುತ್ತೇನೆ. ಟೈಪ್ 1 ಡಯಾಬಿಟಿಸ್. ಲಾಗಿನ್ ಆಗದ ದಿನ ದುಡ್ಡಿಲ್ಲ. ನಮ್ಮಂಥವರಿಗೆ ರಜೆ ಏನಾದರೂ ಇದೆಯೇ?

ಉತ್ತರ: ಸಂಬಳದ ರಜೆ ಇಲ್ಲ ತಮ್ಮಾ, ಸುಳ್ಳು ಭರವಸೆ ಕೊಡಲಾರೆ. ಗಿಗ್ ಕಾರ್ಮಿಕರಿಗಾಗಿ ರಾಜ್ಯ 2025ರಲ್ಲಿ ಕಾಯ್ದೆ ಮಾಡಿದೆ. ಕಂಪನಿಗಳಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕಾರ್ಮಿಕರ ನೋಂದಣಿ, ಕೆಲಸದಿಂದ ತೆಗೆಯುವ ಮೊದಲು ಕಾರಣ ತಿಳಿಸಿ 14 ದಿನದ ನೋಟಿಸ್, ಇವೆಲ್ಲ ಅದರಲ್ಲಿವೆ. ನೋಂದಣಿ ಮಾಡಿಸಿಕೊಳ್ಳಿ. ಕಾಯಿಲೆಯಿಂದ ಲಾಗಿನ್ ಆಗದ ದಿನಗಳ ಆಸ್ಪತ್ರೆ ಚೀಟಿ ಇಟ್ಟುಕೊಳ್ಳಿ. ಐ.ಡಿ. ಬ್ಲಾಕ್ ಆದರೆ ಆಗ ಬೇಕಾಗುತ್ತದೆ. ಸಕ್ಕರೆ 70ಕ್ಕಿಂತ ಇಳಿದಾಗ ಗಾಡಿ ಓಡಿಸಬೇಡಿ. ಒಂದು ಆರ್ಡರ್ ಹೋದರೆ ಹೋಗಲಿ.

ಎಲ್ಲ ಓದುಗರಿಗೆ: ಸಿಬ್ಬಂದಿ ವಿಭಾಗದಲ್ಲಿ ಬಹಳ ವರ್ಷ ಕೂತವನ ಅನುಭವ ಹೇಳುತ್ತೇನೆ. ಕಾಯಿಲೆಯಿಂದ ಕೆಲಸ ಹೋದವರಿಗಿಂತ ದಾಖಲೆಯಿಲ್ಲದ ಗೈರುಹಾಜರಿಯಿಂದ ಹೋದವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಒಂದು ಫೈಲಿನಲ್ಲಿ ವೈದ್ಯರ ಇತ್ತೀಚಿನ ಪತ್ರ, ಈಗಿನ ಔಷಧಿ ಚೀಟಿ, ಉಳಿದ ರಜೆಯ ಲೆಕ್ಕ, ಕಚೇರಿಗೆ ಬರೆದ ಪ್ರತಿ ಪತ್ರದ ಪ್ರತಿ, ಇ.ಎಸ್.ಐ. ಅಥವಾ ವಿಮೆಯ ಕಾರ್ಡು ಇಡಿ. ಅದು ಎಲ್ಲಿದೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿ. ಮೈ ಕೈಕೊಟ್ಟ ದಿನ ಕಾಗದ ಹುಡುಕಲು ಯಾರಿಗೂ ತ್ರಾಣವಿರುವುದಿಲ್ಲ. ಈ ಭಾನುವಾರ ಹುಷಾರಾಗಿದ್ದರೆ ಮಾಡಿಬಿಡಿ.