ಎಚ್ಚರಿಕೆಯ ಮಾತು

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಪೂರ್ವದ ಅಂಚಿನಲ್ಲಿ ನಂಗಲಿ ಎಂಬ ಊರಿದೆ. ಅದನ್ನು ದಾಟಿ ಸ್ವಲ್ಪ ದೂರ ಹೋದರೆ ಆಂಧ್ರಪ್ರದೇಶ ಆರಂಭವಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡು, ಕೊಂಗುಗಳ ಜೊತೆಗೆ ನಂಗಲಿಯ ಹೆಸರೂ ಸೇರಿದೆ. ಅವನ ರಾಜ್ಯದ ಮೂಡಣ ಎಲ್ಲೆಯೆಂದು ಶಾಸನಗಳು ಈ ಊರನ್ನು ಹೆಸರಿಸುತ್ತವೆ. ಕೋವಿಡ್ ಪಿಡುಗನ್ನು ತಡೆಯಲು 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಈ ಹಳೆಯ ಎಲ್ಲೆಯಲ್ಲಿ ಮತ್ತೆ ಕಾವಲು ಬಿದ್ದಿತು. ಹೆದ್ದಾರಿಯ ತಪಾಸಣಾ ಠಾಣೆಯಲ್ಲಿ ವಾಹನಗಳನ್ನು ನಿಲ್ಲಿಸಿ ಪ್ರಯಾಣಿಕರನ್ನು ವಿಚಾರಿಸತೊಡಗಿದರು.

ರಸ್ತೆ ಮುಚ್ಚಿದರೂ ಸುದ್ದಿಗೆ ತಡೆಯಿರಲಿಲ್ಲ. ಆಕಾಶವಾಣಿ, ದೂರದರ್ಶನ, ವೃತ್ತಪತ್ರಿಕೆ, ದೂರವಾಣಿಗಳ ಮೂಲಕ ಎಚ್ಚರಿಕೆಯ ಮಾತುಗಳು ಮನೆಮನೆಯನ್ನೂ ಮುಟ್ಟಿದವು. ಕೈ ತೊಳೆಯಿರಿ, ಮುಖಗವಸು ಧರಿಸಿರಿ, ಅಂತರ ಕಾಪಾಡಿರಿ ಎಂಬುವು ಎಲ್ಲರಿಗೂ ಸಂಬಂಧಿಸಿದ ಮಾತುಗಳು. ಇನ್ನು ಕೆಲವು ಮಾತುಗಳು ಕೆಲವರನ್ನೇ ಕುರಿತವು. ವೃದ್ಧರು, ಮಧುಮೇಹಿಗಳು ಮತ್ತು ಬೊಜ್ಜು ಮೈಯವರು ಹೆಚ್ಚು ಜಾಗರೂಕರಾಗಿರಬೇಕೆಂದು ವೈದ್ಯರು ಹೇಳಿದರು.

ಈ ಮಾತು ನಿರಾಧಾರವಾದುದಲ್ಲ. ಹೊಟ್ಟೆಯಲ್ಲಿ ಕೊಬ್ಬು ಹೆಚ್ಚಿದಾಗ ವಪೆಯು ಸರಾಗವಾಗಿ ಕೆಳಗಿಳಿಯಲಾರದು; ಶ್ವಾಸಕೋಶಗಳು ಪೂರ್ಣವಾಗಿ ಅರಳಲಾರವು. ಬೊಜ್ಜಿನೊಡನೆ ಮಧುಮೇಹ, ರಕ್ತದ ಒತ್ತಡಗಳು ಅನೇಕ ವೇಳೆ ಕೂಡಿರುತ್ತವೆ. ಆದುದರಿಂದ ಶ್ವಾಸಕೋಶವನ್ನು ಬಾಧಿಸುವ ರೋಗವು ಇಂಥವರಲ್ಲಿ ಉಲ್ಬಣಿಸುವ ಸಂಭವ ಹೆಚ್ಚು. ಸೋಂಕಿತರೆಲ್ಲರಿಗೂ ಹೀಗೆ ಆಗಿಯೇ ತೀರುತ್ತದೆಂದು ಇದರ ಅರ್ಥವಲ್ಲ.

ಇದು ಎಲ್ಲಿಯೋ ಇರುವ ಕೆಲವರ ಸಂಗತಿಯೂ ಅಲ್ಲ. ಕಿಲೋಗ್ರಾಂಗಳಲ್ಲಿ ಅಳೆದ ತೂಕವನ್ನು ಮೀಟರುಗಳಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ದೇಹತೂಕದ ಸೂಚ್ಯಂಕ ದೊರೆಯುತ್ತದೆ. 1.6 ಮೀಟರು ಎತ್ತರ, 64 ಕಿಲೋಗ್ರಾಂ ತೂಕ ಇರುವವರ ಸೂಚ್ಯಂಕ 25. ವಯಸ್ಕರಲ್ಲಿ ಈ ಅಂಕಿಯನ್ನು ಮುಟ್ಟಿದವರನ್ನೂ ಮೀರಿದವರನ್ನೂ ಅಧಿಕ ತೂಕದವರೆಂದು ಎಣಿಸಿದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು, 2019-21ರಲ್ಲಿ ಕರ್ನಾಟಕದ ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ನೂರಕ್ಕೆ ಸುಮಾರು 30 ಮಂದಿ ಇಂಥವರೆಂದು ಕಂಡುಕೊಂಡಿತು.

ಇವರೆಲ್ಲರೂ ಎಚ್ಚರಿಕೆಯನ್ನು ಒಂದೇ ಬಗೆಯಾಗಿ ಸ್ವೀಕರಿಸುವುದಿಲ್ಲ. ಕೆಲವರು ಅದನ್ನು ಕೇಳಿ ನಡಿಗೆ ಆರಂಭಿಸಿ, ಊಟವನ್ನು ಹಿತಮಿತಗೊಳಿಸುತ್ತಾರೆ. ಕೆಲವರು ‘ನಮಗೇನೂ ಆಗದು’ ಎಂದು ತಳ್ಳಿಹಾಕುತ್ತಾರೆ. ಮತ್ತೆ ಕೆಲವರು ಭಯಪಟ್ಟು, ಆ ಭಯವನ್ನು ಮರೆಯಲು ಇನ್ನಷ್ಟು ತಿನ್ನುತ್ತಾರೆ. ನಾಚಿಕೆಯಿಂದ ವೈದ್ಯರ ಬಳಿಗೇ ಹೋಗದವರೂ ಉಂಟು.

ಬ್ರಿಟನ್ನಿನಲ್ಲಿ ಅಂದಿನ ಪ್ರಧಾನಿ ಬೋರಿಸ್ ಜಾನ್ಸನ್ನರು 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀವ್ರ ನಿಗಾ ಘಟಕವನ್ನು ಸೇರಬೇಕಾಯಿತು. ಗುಣಹೊಂದಿದ ಮೇಲೆ ತಮ್ಮ ತೂಕ ಅತಿಯಾಗಿತ್ತೆಂದು ಅವರೇ ಬಹಿರಂಗವಾಗಿ ಒಪ್ಪಿಕೊಂಡರು. ಜುಲೈ ತಿಂಗಳಿನಲ್ಲಿ ಅಲ್ಲಿನ ಸರ್ಕಾರವು ತೂಕ ಇಳಿಸುವ ಪ್ರಚಾರವನ್ನು ಕೈಗೊಂಡಿತು. ಆದರೆ ಆ ವರ್ಷ ಅಲ್ಲಿ ನಡೆದ ಅಧ್ಯಯನಗಳಲ್ಲಿ, ತೂಕ ಹೆಚ್ಚಿದ್ದವರಲ್ಲಿಯೇ ವ್ಯಾಯಾಮ ಕುಗ್ಗಿ, ಅತಿಯಾಗಿ ತಿನ್ನುವುದು ಹೆಚ್ಚಿದ್ದುದು ಕಂಡುಬಂದಿತು. ಹೊರಗೆ ಓಡಾಟವಿಲ್ಲ, ಮನೆಯಲ್ಲಿ ಚಿಂತೆ, ಬೇಸರ. ಇಂಥ ದಿನಗಳಲ್ಲಿ ‘ತೂಕ ಇಳಿಸಿ’ ಎಂದು ಹೇಳುವುದು ಸುಲಭ, ನಡೆಸುವುದು ಕಷ್ಟ. ದೇಹದ ತೂಕ ಮನಸ್ಸಿನ ಸಂಕಲ್ಪವೊಂದನ್ನೇ ಅವಲಂಬಿಸಿಲ್ಲ. ವಂಶ, ನಿದ್ರೆ, ಸೇವಿಸುವ ಔಷಧಿ, ಮಾಡುವ ಉದ್ಯೋಗ, ಕೈಗೆಟಕುವ ಆಹಾರ ಇವೆಲ್ಲವೂ ಅದರಲ್ಲಿ ಸೇರಿವೆ.

ನಂಗಲಿಯಂಥ ಊರಿನಲ್ಲಿ ಚಿಲ್ಲರೆ ಅಂಗಡಿ ನಡೆಸುವ, ಮೈ ಭಾರವಾದ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳಬಹುದು. ಎಚ್ಚರಿಕೆಯ ಮಾತು ಆಕೆಯನ್ನು ಮುಟ್ಟಿದುದು ಗಿರಾಕಿಯೊಬ್ಬನ ಹಾಸ್ಯದ ಮೂಲಕ: “ಅಕ್ಕಾ, ಈ ರೋಗ ಮೊದಲು ಹಿಡಿಯೋದು ನಿಮ್ಮನ್ನೇ, ಹುಷಾರು!” ಸುತ್ತಲಿದ್ದವರು ನಕ್ಕರು. ಆತನ ಮಾತು ಅರ್ಧ ತಪ್ಪು. ಕೈ ತೊಳೆಯದ, ಮುಖಗವಸಿಲ್ಲದ ಸಣಕಲನನ್ನೂ ಸೋಂಕು ಹಿಡಿಯುತ್ತದೆ. ಬೊಜ್ಜಿನಿಂದ ಮುಖ್ಯವಾಗಿ ಹೆಚ್ಚುವುದು ರೋಗದ ತೀವ್ರತೆ. ಆದರೆ ಆಕೆಯ ಮನಸ್ಸಿನಲ್ಲಿ ಉಳಿದುದು ಆ ನಗೆ ಮಾತ್ರ. ಕೆಲವು ದಿನಗಳ ಮೇಲೆ ಜ್ವರ ಬಂದಾಗ ಆಕೆ ಯಾರಿಗೂ ಹೇಳಲಿಲ್ಲ. ಆಸ್ಪತ್ರೆಗೆ ಹೋದರೆ ಮೊದಲು ತನ್ನ ಮೈಯನ್ನೇ ಹಳಿಯುತ್ತಾರೆಂದು ಎರಡು ದಿನ ಕದ ಮುಚ್ಚಿ ಮಲಗಿದಳು.

ಮೂರನೆಯ ದಿನ ಆಶಾ ಕಾರ್ಯಕರ್ತೆ ಬಾಗಿಲು ತಟ್ಟಿದಳು. “ಅಕ್ಕಾ, ಬೆರಳು ಕೊಡಿ, ಆಮ್ಲಜನಕ ಎಷ್ಟಿದೆ ನೋಡೋಣ. 94ಕ್ಕಿಂತ ಕಡಿಮೆ ಬಂದರೆ ತಡ ಮಾಡೋದು ಬೇಡ. ಆಂಬುಲೆನ್ಸಿಗೆ ನಾನೇ ಹೇಳ್ತೀನಿ. ನಿಮ್ಮ ಮೈ ಭಾರ ಇದೆಯಲ್ಲ, ಅದಕ್ಕೇ ಎರಡು ದಿನ ಮೊದಲೇ ನೋಡಿಸಿಕೊಳ್ಳೋದು ಒಳ್ಳೇದು” ಎಂದಳು. ಆ ತಾಯಿ ಬೆರಳನ್ನು ಮುಂದೆ ಚಾಚಿದಳು.

ಗಿರಾಕಿಯೂ ಕಾರ್ಯಕರ್ತೆಯೂ ಪ್ರಸ್ತಾಪಿಸಿದುದು ಒಂದೇ ವಿಷಯ. ಒಬ್ಬನ ಮಾತಿನಿಂದ ಆಕೆ ಕದ ಮುಚ್ಚಿಕೊಂಡಳು; ಇನ್ನೊಬ್ಬಳ ಮಾತಿನಿಂದ ತೆರೆದಳು. ಕಾರ್ಯಕರ್ತೆ ತೂಕದ ಸಂಗತಿಯನ್ನು ಮರೆಮಾಚಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಆಕೆ ಸತ್ಯವನ್ನೇ ಹೇಳಿದಳು. ಅದರ ಜೊತೆಗೆ ಮಾಡಬಹುದಾದ ಕೆಲಸವೊಂದನ್ನು ತೋರಿಸಿ, ನೆರವನ್ನೂ ನೀಡಿದಳು. ಬ್ರಿಟನ್ನಿನಲ್ಲಿಯೂ ಸೂಚ್ಯಂಕ 40 ಮತ್ತು ಅದಕ್ಕಿಂತ ಹೆಚ್ಚಿದ್ದ ವಯಸ್ಕರಿಗೆ 2021ರಲ್ಲಿ ಲಸಿಕೆಯ ಆದ್ಯತೆ ದೊರೆಯಿತು. ಎಚ್ಚರಿಕೆಯ ಹಿಂದೆಯೇ ನೆರವು ಬಂದರೆ ಜನ ಅದನ್ನು ನಂಬುತ್ತಾರೆ.

ಹೋರಾಡಬೇಕಾದುದು ರೋಗದೊಡನೆಯೇ ಹೊರತು ರೋಗಿಯೊಡನೆ ಅಲ್ಲವೆಂಬ ಮಾತು 2020ರಲ್ಲಿ ದೂರವಾಣಿಯ ಕರೆಗಳಿಗೆ ಮುನ್ನ ದೇಶದ ಜನರಿಗೆಲ್ಲ ಕೇಳಿಸುತ್ತಿತ್ತು. ಸೋಂಕಿತರನ್ನು ಕುರಿತು ಹೇಳಿದ ಆ ಮಾತು ಸ್ಥೂಲದೇಹಿಗಳಿಗೂ ಸಲ್ಲುತ್ತದೆ. ತರಗತಿಯಲ್ಲಿ ದಪ್ಪಗಿರುವ ಸಹಪಾಠಿಗೆ ಅಡ್ಡಹೆಸರು ಇಡುವವರು ಆತನ ಆರೋಗ್ಯಕ್ಕೆ ಯಾವ ಉಪಕಾರವನ್ನೂ ಮಾಡಲಾರರು. ಸಂಜೆ ಆಟಕ್ಕೆ ಆತನನ್ನು ಕರೆದು ತಮ್ಮ ಪಂಗಡಕ್ಕೆ ಸೇರಿಸಿಕೊಳ್ಳುವವರು ಹೆಚ್ಚಿನದನ್ನು ಮಾಡುತ್ತಾರೆ. ಎಚ್ಚರಿಕೆಯ ಮಾತು ಸತ್ಯವಾಗಿದ್ದರೆ ಮಾತ್ರ ಸಾಲದು. ಕೇಳುವವನ ಮಾನವನ್ನೂ ಅದು ಕಾಯಬೇಕು.